ಪಿಕಪ್ಪಿನ ಸಾಮಾನು

ಐಮಂಗಲದಲ್ಲಿ ನಮ್ಮ ಪಕ್ಕದ ಮನೆಯವನು ಪಿಕಪ್ ಗಾಡಿಯ ಡ್ರೈವರ್. ರಸ್ತೆ ಬಿಟ್ಟು ಹೊಲ, ಹಳ್ಳಗಳಲ್ಲಿ ಓಡಿಸುವುದೆಂದರೆ ಅವನಿಗೆ ಬಲು ಇಷ್ಟ. ಗಾಡಿ ಹೂತುಕೊಂಡರೆ ಇರಲಿ ಎಂದು ಜಾಕುಗಳು, ಸರಪಳಿ, ಹಗ್ಗ, ಸಲಿಕೆ, ಹಾರೆ, ಹಲಗೆ, ಮರಳಿನ ಚೀಲ ಎಲ್ಲವನ್ನೂ ಸದಾ ತುಂಬಿಕೊಂಡೇ ತಿರುಗುತ್ತಿದ್ದ. ದಾರಿ ಹೇಗಿದೆಯೆಂದು ಯಾರು ಕೇಳಿದರೂ ಬಾನೆಟ್ ತಟ್ಟಿ, "ಎಲ್ಲಾ ಐತೆ, ಕುಂತ್ಕಳ್ರಿ" ಎನ್ನುತ್ತಿದ್ದ.

ನನ್ನ ತಂಗಿಯ ಮಗಳ ಮದುವೆಗೆ ನಾನೂ ನಿಮ್ಮ ತಾತನೂ ಅವನ ಗಾಡಿಯಲ್ಲೇ ಹೊರಟೆವು. ಕುಚ್ಚು ಕಟ್ಟಲು ನನಗೆ ಕೊಟ್ಟಿದ್ದ ಧಾರೆ ಸೀರೆ ನನ್ನ ಮಡಿಲಲ್ಲಿತ್ತು. ಮಾರಿಕಣಿವೆ ಹಿನ್ನೀರಿನ ಅಡ್ಡದಾರಿಯಲ್ಲಿ ಗಾಡಿ ಎರೆಮಣ್ಣಿನಲ್ಲಿ ಹೂತುಕೊಂಡಿತು. ಜಾಕು ಕೊಟ್ಟರೆ ಜಾಕೇ ಕೆಳಗಿಳಿಯಿತು. ಹಲಗೆಯೂ ಅದರ ಹಿಂದೆಯೇ ಹೋಯಿತು. ಮುಹೂರ್ತ ಹತ್ತಿರವಾಗುತ್ತಿತ್ತು.

ಅಲ್ಲೇ ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಬಂದು ಗಾಡಿಯೊಳಗೆ ಇಣುಕಿದ. "ಏನಪ್ಪ, ನಿನ್ ಸಾಮಾನಿನ ಭಾರಕ್ಕೇ ಹೂತೈತೆ. ಇಳ್ಸು ಅತ್ಲಾಗೆ" ಎಂದ.

ಎಲ್ಲ ಇಳಿಸಿ ನೂಕಿದರೆ ಗಾಡಿ ಸಲೀಸಾಗಿ ಮೇಲೆ ಬಂತು. ಡ್ರೈವರ್ ಕೂಡಲೇ ಎಲ್ಲವನ್ನೂ ಮತ್ತೆ ತುಂಬತೊಡಗಿದ. ಗಂಡಸರೆದುರು ಬಾಯಿ ಬಿಡದ ನಾನೇ, "ಅಣ್ಣಾ, ಧಾರೆ ಮುಗಿಸ್ಕಂಡು ಬಂದು ತಗಳಾಣ" ಎಂದೆ.

"ಅಲ್ಲೀಗಂಟ ಕಾಯೋರ್ಯಾರವ್ವ?" ಎಂದು ಅವನು ನಿಮ್ಮ ತಾತನ ಕಡೆ ನೋಡಿದ. ತಾತ ಅಜ್ಜನಿಂದ ಬೀಡಿ ಇಸಿದುಕೊಂಡು ಮರಳಿನ ಚೀಲದ ಮೇಲೆ ಕುಳಿತರು.

ಸೀರೆ ಮುಹೂರ್ತಕ್ಕೆ ಸರಿಯಾಗಿ ಮುಟ್ಟಿತು. ಆ ಮದುವೆಯ ಫೋಟೋದಲ್ಲಿ ತಾತನ ಬದಲು ನನ್ನ ಪಕ್ಕ ನಿಂತಿರುವವನು ಯಾರೆಂದು ನೀವು ಕೇಳುತ್ತಿರುತ್ತೀರಲ್ಲ, ಅವನೇ ಈ ಡ್ರೈವರ್. ಬರಿಗೈಯಲ್ಲಿ ಬರಲಾರೆನೆಂದು ಅವನು ಹಿಡಿದುಕೊಂಡಿರುವುದು ಜಾಕಿನ ರಾಡು.