ಭಾನುವಾರ ಓಡಿಸಿದ ಮೋಟರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬನಶಂಕರಿಯ ಒಂದು ಮನೆಯ ಮೇಲೆ, ತಾರಸಿಗೆ ಅಂಟಿಕೊಂಡ ಕೋಣೆಯಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಆಗ ಒಂದು ಸೆಕೆಂಡ್ ಹ್ಯಾಂಡ್ ಆಟೋಫೋಕಸ್ ಕ್ಯಾಮೆರಾ ಕೊಂಡೆ. ಫೋಟೋ ತೆಗೆಯುವ ಹುಚ್ಚೇನೂ ಇರಲಿಲ್ಲ. ಕ್ಯಾಮೆರಾ ಇರುವವರನ್ನು ಆಫೀಸಿನವರು ಎಲ್ಲ ಪಿಕ್‌ನಿಕ್ಕಿಗೂ ಕರೆಯುತ್ತಾರೆ ಎಂಬ ಆಸೆ, ಅಷ್ಟೇ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಕರೆದರು, ಒಂದೇ ಸಲ. ಎಲ್ಲರೂ ಸಾಲಾಗಿ ನಿಂತು ಹಲ್ಲು ಕಿರಿದ ಹೊತ್ತಿಗೆ ಮೋಟರ್ ಕೈಕೊಟ್ಟಿತು. ಕ್ಯಾಮೆರಾದೊಳಗಿನ ಆ ಪುಟ್ಟ ಮೋಟರ್ ಲೆನ್ಸನ್ನು ತಿರುಗಿಸಿ ಮುಖಗಳನ್ನು ಸ್ಪಷ್ಟ ಮಾಡಬೇಕು. ಅದೋ, ನಾನು ಏರಿಗೆಳೆದರೆ ತಾನು ನೀರಿಗೆಳೆಯಿತು. ಗರ್ ಎಂದು ಆ ತುದಿಗೆ ಹೋಗಿ, ಈ ತುದಿಗೆ ಬಂದು, ನಿಂತೇ ಹೋಯಿತು. ಮುಂದಿನ ಪಿಕ್‌ನಿಕ್ಕಿಗೆ ಬೇರೆ ಯಾರದೋ ಕ್ಯಾಮೆರಾ ಹೋಯಿತು. ನಾನು ಹೋಗಲಿಲ್ಲ.

ಜಯನಗರದ ರಿಪೇರಿಯವರು ಅದನ್ನು ಬಿಚ್ಚಿ, ಒರೆಸಿ, ನನಗೇ ಬೈದರು. “ಏನ್ ಮೇಡಂ, ಬೀರುನಲ್ಲಿಟ್ಟು ಪೂಜೆ ಮಾಡ್ತಿದ್ರಾ? ಗ್ರೀಸ್ ಗಟ್ಟಿಯಾಗ್ಬಿಟ್ಟಿದೆ. ವಾರಕ್ಕೊಂದ್ಸಲ ಓಡಿಸಿ. ಫಿಲ್ಮ್ ರೋಲ್ ಹಾಕೋದೇನ್ ಬೇಡ. ಹತ್ರ ಒಂದ್ಸಲ, ದೂರ ಒಂದ್ಸಲ ಫೋಕಸ್ ಮಾಡಿ, ಸಾಕು.”

ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ತಾರಸಿಗೆ ಬಂದು ಓಡಿಸತೊಡಗಿದೆ. ಹತ್ತಿರಕ್ಕೆ ನಮ್ಮ ನಲ್ಲಿ. ದೂರಕ್ಕೆ ಎದುರು ಮನೆಯ ತಾರಸಿಯಲ್ಲಿ ಪೇಪರ್ ಓದುತ್ತ ಕೂರುವ ಹಿರಿಯರು. ಬೋಳು ಗೋಡೆಗೆ ಹಿಡಿದರೆ ಮೋಟರ್ ತಡಕಾಡುತ್ತಿತ್ತು. ಅವರ ಕಪ್ಪು ಕನ್ನಡಕದ ಕಟ್ಟಿಗೆ ಹಿಡಿದರೆ ತಟ್ಟನೆ ನಿಲ್ಲುತ್ತಿತ್ತು.

ಮೊದಲ ವಾರ ಅವರು ಬನಿಯನ್ನಿನಲ್ಲಿದ್ದರು. ಮೂರನೇ ವಾರಕ್ಕೆ ಇಸ್ತ್ರಿ ಶರ್ಟು ಬಂತು. ಏಪ್ರಿಲ್ಲಿನ ಸುಡುಬಿಸಿಲಿನಲ್ಲಿ ಕರಿ ಕೋಟು ತೊಟ್ಟು, ಪೇಪರ್ ಬದಿಗಿಟ್ಟು, ಮದುವೆ ಗಂಡಿನಂತೆ ಎದೆ ಸೆಟೆಸಿ ಕೂತರು. ನನಗೆ ನಗು ತಡೆಯಲಾಗಲಿಲ್ಲ. ನಾನು ಅವರ ಫೋಟೋ ತೆಗೆಯುತ್ತಿದ್ದೇನೆ ಎಂದುಕೊಂಡಿದ್ದಾರೆ! ಒಂದು ಮಾತು ಕೂಗಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಬರುವುದನ್ನೇ ನಿಲ್ಲಿಸುತ್ತಾರೇನೋ ಎಂದು ಹೆದರಿ ಸುಮ್ಮನಿದ್ದೆ.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ನಮ್ಮ ಮೆಟ್ಟಿಲು ಹತ್ತಿ ಬಂದರು. ಅದೇ ಕೋಟು, ಏದುಸಿರು.

“ಮಗ ಕೋಣನಕುಂಟೆಗೆ ಮನೆ ಬದಲಾಯಿಸ್ತಿದಾನೆ ಮೇಡಂ, ಲಾರಿ ಬಂದಿದೆ. ನನ್ ಫೋಟೋದಲ್ಲಿ ಒಂದೇ ಒಂದು ಕೊಡ್ತೀರಾ? ಕೋಟಿಂದು. ಮನೆಯವಳು ಹೋದ್ಮೇಲೆ ಯಾರೂ ನನ್ ಫೋಟೋ ತೆಗ್ದಿರ್ಲಿಲ್ಲ.”

“ರೋಲ್ ಹಾಕಿರ್ಲಿಲ್ಲ ಸಾರ್.”

“ಯಾವತ್ತೂ?”

“ಯಾವತ್ತೂ.”

ಮೋಟರು, ಗ್ರೀಸು ಎಂದು ಏನೇನೋ ವಿವರಿಸಿದೆ. ಈಗಲೇ ಹೋಗಿ ರೋಲ್ ತರುತ್ತೇನೆ ಎಂದೆ. ಕೆಳಗೆ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಪಾಪ, ಇಷ್ಟು ದಿನ ಆದ್ರೂ ಮೋಟರ್ ಸರಿಹೋಗ್ಲಿಲ್ವಾ?” ಎಂದರು.

ಇಲ್ಲ ಎಂದಿದ್ದರೆ ಮಾನ ಉಳಿಯುತ್ತಿತ್ತು. ಅವರ ಮುಖ ನೋಡಿ ಸುಳ್ಳು ಬರಲಿಲ್ಲ.

“ಅದು ಯಾವಾಗ್ಲೋ ಸರಿಹೋಯ್ತು ಸಾರ್. ಭಾನುವಾರ ನೋಡಕ್ಕೆ ನಂಗೆ ಬೇರೆ ಯಾರೂ ಇರ್ಲಿಲ್ಲ.”

ಅವರು ಕೋಟಿನ ಗುಂಡಿ ಬಿಚ್ಚುತ್ತ ಮೆಟ್ಟಿಲಿಳಿದು ಹೋದರು.