ಮೂಲೆ ಒತ್ತು

ನಮ್ಮ ಅಜ್ಜಿಯ ಬಾಯಲ್ಲಿ ದಿನವಿಡೀ ಒಂದೇ ಮಾತು: ಒತ್ತು. ಶ್ಯಾವಿಗೆ ಮಷಿನ್ನಿನಲ್ಲಿ ಹಿಟ್ಟು ಒತ್ತು, ಬಸ್ಸಿನಲ್ಲಿ ಒತ್ತಿ ಕೂಡು, ಮನೆಗೆ ಮೊಬೈಲ್ ಬಂದ ಮೇಲೆ ಹಸಿರು ಗುಂಡಿ ಒತ್ತು. ಸಂಜೆಯಾದರೆ ಕಾಲು ಚಾಚಿ, "ಒತ್ತ ಬೇ." ಆ ಕೆಲಸ ನನ್ನ ಪಾಲಿನದು. ಎಷ್ಟು ಒತ್ತಿದರೂ "ಕೈಯಾಗ ಬಲಾನ ಇಲ್ಲ" ಅನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಹತ್ತಿ ಬಿಡಿಸಿ ಮುಗಿದಾಗ ಪಡಸಾಲೆ ತೊಲೆಯವರೆಗೆ ತುಂಬಿತ್ತು. ನನಗೆ ಒಂದೇ ಹುಚ್ಚು: ಹತ್ತಿ ಹೇರಿದ ಟ್ರೇಲರಿನ ಮೇಲೆ ಕೂತು ಅಣ್ಣಿಗೇರಿ ಪೇಟೆಗೆ ಹೋಗಬೇಕು. ನನ್ನ ತಮ್ಮ ಹಿಂದಿನ ವರ್ಷವೇ ಹೋಗಿ ಬಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದ. ನನ್ನ ಕಾಟ ತಾಳದೆ ಅಪ್ಪ, "ಎಲ್ಲಾ ಹತ್ತಿ ಒಂದ ಸಲಕ್ಕ ಹಿಡಿಸಿದ್ರ ಕರ್ಕೊಂಡು ಹೋಗ್ತೇನಿ. ಉಳೀತಂದ್ರ ಮನ್ಯಾಗ ಇರಬೇಕು" ಎಂದ. ಹಿಡಿಸುವುದಿಲ್ಲ ಎಂದೇ ಅವನ ಲೆಕ್ಕ.

ಟ್ರೇಲರಿನೊಳಗೆ ಹಾರಿದೆ. ಅಪ್ಪ, ಕಾಕಾ ಗಂಟು ಕಟ್ಟಿ ತಂದು ಸುರಿಯುತ್ತಿದ್ದರು, ನಾನು ಕುಣಿಕುಣಿದು ತುಳಿಯುತ್ತಿದ್ದೆ. ಮೂಗಿನಲ್ಲಿ ಎಳೆ, ಬಾಯಲ್ಲಿ ಎಳೆ. ಎಂಥ ಖುಷಿ! ಆದರೆ ಹತ್ತಿ ಅಂಚು ಮುಟ್ಟಿತು, ಪಡಸಾಲೆಯಲ್ಲಿ ಇನ್ನೂ ರಾಶಿ ಉಳಿದಿತ್ತು. ಅಳುವೇ ಬಂತು.

ಕೆಳಗೆ ನಿಂತಿದ್ದ ಅಜ್ಜಿ ಚೀರಿದಳು: "ನಡುವ ಏನ್ ಕುಣೀತಿ ಬೇ? ಮೂಲಿ ಒತ್ತು! ಹಿಂಬಡ ಊರಿ ಒತ್ತು!"

ಮೂಲೆಗೆ ಹೋಗಿ, ಬದಿಯ ಹಲಗೆ ಹಿಡಿದು ಹಿಮ್ಮಡಿ ಊರಿದೆ. ಹತ್ತಿ ಸರ್ರನೆ ಕುಸಿಯಿತು! ಇನ್ನೊಂದು ಮೂಲೆ, ಅದೂ ಕುಸಿಯಿತು. "ಹಾಕ್ರಿ, ಇನ್ನೂ ಹಾಕ್ರಿ!" ಎಂದು ನಾನೇ ಕೂಗತೊಡಗಿದೆ. ಪಡಸಾಲೆಯ ನೆಲ ಕಂಡಿತು. ಕೊನೆಯ ಹಿಡಿ ಹತ್ತಿಯನ್ನು ಅಜ್ಜಿ ತಾನೇ ಮಡಿಲಲ್ಲಿ ತಂದು ಎಸೆದಳು.

ಅಪ್ಪ ವರಸೆ ಬದಲಿಸಿದ. "ಹೆಣ್ಣ ಹುಡುಗಿ ಒಬ್ಬಾಕಿನ್ನ ಮ್ಯಾಲ ಹೆಂಗ ಕುಂದರಸೂದು?"

"ಒಬ್ಬಾಕಿ ಯಾಕ? ನಾ ಇಲ್ಲೇನು?" ಎಂದಳು ಅಜ್ಜಿ. "ಇಷ್ಟ ವರ್ಷ ಹತ್ತಿ ತುಳದೇನಿ, ಒಂದ ಸಲಾನೂ ಮ್ಯಾಲ ಕುಂತು ಹೋಗಿಲ್ಲ. ಏಣಿ ಹಚ್ಚು."

ಟ್ರ್ಯಾಕ್ಟರ್ ಹೊರಟಿತು. ಕಂಡವರಿಗೆಲ್ಲ ನಾನು ಕೈ ಬೀಸಿದೆ, ಅಜ್ಜಿಯೂ ಬೀಸಿದಳು. ಊರು ದಾಟುವಷ್ಟರಲ್ಲಿ ನನ್ನ ಮೀನಖಂಡ ಸೆಟೆದುಕೊಂಡಿತು, ನೋವಿಗೆ ಮುಖ ಕಿವುಚಿದೆ.

"ಕೊಡು ಇಲ್ಲೆ ಕಾಲು" ಎಂದಳು ಅಜ್ಜಿ.

ಹಿರಿಯರಿಂದ ಕಾಲು ಮುಟ್ಟಿಸಿಕೊಳ್ಳುವುದೇ? ಹಿಂದಕ್ಕೆ ಎಳೆದುಕೊಂಡೆ. ಅವಳು ಬಿಡಲಿಲ್ಲ. ಎರಡೂ ಕಾಲು ಮಡಿಲಿಗೆ ಹಾಕಿಕೊಂಡು ಅಣ್ಣಿಗೇರಿ ಬರುವವರೆಗೂ ಒತ್ತಿದಳು. ಅವಳ ಕೈಯಲ್ಲಿ ಎಷ್ಟು ಬಲವಿತ್ತೆಂದು ನನಗೆ ತಿಳಿದದ್ದು ಅಂದೇ.