ಈಸ್ಟ್ ಹ್ಯಾಮಿಗೆ ಒಯ್ದ ಟೇಪು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮಗಳು ನಂದಿನಿಯೊಡನೆ ರೇನರ್ಸ್ ಲೇನಿನಿಂದ ಟ್ಯೂಬ್ ರೈಲು ಹತ್ತಿದೆ. ವಯಸ್ಸಾದವರ ಪಾಸ್ ಇರುವುದರಿಂದ ನನಗೆ ಟಿಕೆಟ್ ಇಲ್ಲ. ಹೊರಗೆ ಜಿಟಿಜಿಟಿ ಮಳೆ. ತೊಡೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ತಗಡಿನ ಡಬ್ಬಿ; ಅದರೊಳಗೆ ಅರವತ್ತು ವರ್ಷ ದಾಟಿದ ಟೇಪಿನ ಸುರುಳಿ.

ನನ್ನ ಯಜಮಾನರು ಧಾರವಾಡದಿಂದ ಇಲ್ಲಿಗೆ ಬಂದ ಹೊಸತರಲ್ಲಿ, ಉಪಗ್ರಹದ ಸಂಕೇತಗಳನ್ನು ಟೇಪಿಗೆ ಹಿಡಿಯುವ ಒಂದು ಕೇಂದ್ರದಲ್ಲಿದ್ದರು. ಭೂಮಿಯ ಸುತ್ತಲಿನ ವಿದ್ಯುತ್ ಕಣಗಳನ್ನೂ ವಿಕಿರಣವನ್ನೂ ಅಳೆಯಲು ಹಾರಿಸಿದ ಮೊದಮೊದಲ ಉಪಗ್ರಹಗಳಲ್ಲೊಂದು ಅದು. ಆ ಬೇಸಿಗೆಯಲ್ಲಿ ಶಾಂತಸಾಗರದ ಮೇಲೆ ಬಲು ಎತ್ತರದಲ್ಲಿ ಪರೀಕ್ಷೆಗೆಂದು ಅಣುಬಾಂಬು ಸಿಡಿಸಿದರು. ವಿಕಿರಣ ಒಮ್ಮೆಲೇ ಏರಿ ಉಪಗ್ರಹದ ಸೌರಫಲಕಗಳು ಕೆಟ್ಟವು. ಆ ವಾರದ ಒಂದು ಟೇಪನ್ನು, ಕೇಂದ್ರದಲ್ಲಿ ಹಳೆಯದನ್ನೆಲ್ಲ ಎಸೆಯುವಾಗ, ಅವರು ಮನೆಗೆ ತಂದಿದ್ದರು. ಪ್ರತಿ ಟೇಪಿನ ಮೊದಲಿಗೆ ಯಾರಾದರೊಬ್ಬರು ಮೈಕಿನಲ್ಲಿ ಹೊತ್ತು ಹೇಳಬೇಕಿತ್ತಂತೆ. "ಇದರಾಗ ಹೇಳಿದಾಂವ ನಾನ" ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಅವರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಇಪ್ಪತ್ತೆರಡು ವರ್ಷ ಚೀಟಿಯಲ್ಲಿ ಬರೆದೇ ಮಾತಾಡಿದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ದನಿಯನ್ನು ನೆನೆಯಲು ಕೂತರೆ ನನಗೆ ಏನೂ ಕೇಳಿಸುವುದಿಲ್ಲ. ಬೇರೆ ರೆಕಾರ್ಡೂ ಇಲ್ಲ.

ಹ್ಯಾಮರ್‌ಸ್ಮಿತ್‌ನಲ್ಲಿ ಗಾಡಿ ಬದಲಿಸಿ, ಡಿಸ್ಟ್ರಿಕ್ಟ್ ಲೈನಿನಲ್ಲಿ ಊರಿನ ಆ ತುದಿಗೆ ಹೋದೆವು. ಈಸ್ಟ್ ಹ್ಯಾಮ್ ತಲುಪುವಾಗ ಹನ್ನೆರಡಾಗಿತ್ತು. ಹೈ ಸ್ಟ್ರೀಟಿನಲ್ಲಿ ದೋಸೆಯ ವಾಸನೆ. "ಮೊದಲ ಇಡ್ಲಿ ತಿನ್ನೂಣು ಅವ್ವಾ" ಎಂದಳು ನಂದಿನಿ. ನನಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ; ನೇರ ಟೇಪಿನವರ ಕಡೆಗೇ ನಡೆದೆ.

ಸೀರೆ ಅಂಗಡಿಯೊಂದರ ಹಿಂದೆ ಹಳೆಯ ಟೇಪ್ ಯಂತ್ರಗಳ ರಿಪೇರಿ ಮಾಡುವ ತಮಿಳು ಮುದುಕರೊಬ್ಬರಿದ್ದಾರೆ. ಅವರು ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಗಪ್ಪನೆ ಬಂತು. ಮುದುಕರ ಮುಖ ಸಣ್ಣದಾಯಿತು.

"ಅಮ್ಮಾ, ಟೇಪು ಕೆಟ್ಟರೆ ಈ ವಾಸನೆ. ಇದು ಒಣಗಿದ ಎಲೆಯ ಹಾಗಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಇದನ್ನು ಹದಕ್ಕೆ ತರುವ ಲ್ಯಾಬ್ ಇದೆ, ಎರಡು ತಿಂಗಳು ಬೇಕು. ಈಗಲೇ ಹಾಕಿದರೆ ಹರಿಯಬಹುದು."

"ಲ್ಯಾಬಿಗೇ ಕಳಸೂಣು ಅವ್ವಾ. ಎರಡ ತಿಂಗಳ ತಡಿ" ಎಂದಳು ನಂದಿನಿ.

"ಎರಡ ತಿಂಗಳ ನಾ ಇರತೇನೋ ಇಲ್ಲೋ! ಈಗ ಹಾಕಂತ ಹೇಳು."

"ಅವ್ವಾ, ಪ್ಲೀಸ್."

"ಹಾಕಂತ ಹೇಳು ಅಂದೆ."

ಮುದುಕರು ಇನ್ನೊಮ್ಮೆ ಕೇಳಿದರು. ನಾನು ತಲೆಯಾಡಿಸಿದೆ. ಸುರುಳಿ ತಿರುಗಿತು. ಮೊದಲು ಸರಸರ ಸದ್ದು. ಆಮೇಲೆ ಯಾರೋ ಮಾತಿಗೆ ಮುಂಚೆ ಒಳಗೆಳೆದುಕೊಂಡ ಉಸಿರು. ಅಷ್ಟೇ. ಟೇಪು ಪಟ್ಟನೆ ತುಂಡಾಯಿತು. ಅವರು ಮೂರು ಸಲ ಜೋಡಿಸಿದರು. ಮೂರು ಸಲವೂ ಇನ್ನೊಂದೆಡೆ ಮುರಿಯಿತು. ಯಂತ್ರದ ಮೇಲೆಲ್ಲ ಕಂದು ಹುಡಿ ಬಿತ್ತು. ಕೊನೆಗೆ ಸ್ವಿಚ್ ಆರಿಸಿ, ತುಂಡುಗಳನ್ನು ಆಯ್ದು ಡಬ್ಬಿಗೆ ಹಾಕಿಕೊಟ್ಟರು. ಹಣ ಬೇಡವೆಂದರು.

ನನ್ನ ಕೈಯಾರೆ ಕಳೆದೆ. ಎರಡು ತಿಂಗಳು ತಡೆಯಬಹುದಿತ್ತು.

ಹಿಂದಿರುಗುವಾಗ ಗಾಡಿಯಲ್ಲಿ ಜಾಗವಿತ್ತು. ರೇನರ್ಸ್ ಲೇನ್ ಹತ್ತಿರವಾದಾಗ ನಂದಿನಿ ಕಿಟಕಿಯತ್ತ ನೋಡುತ್ತ ಹೇಳಿದಳು, "ಅದು ಅಪ್ಪಂದ ಉಸಿರು, ಅವ್ವಾ. ನನಗ ಗುರ್ತ ಸಿಕ್ತು."

"ಹೌದವ್ವಾ" ಎಂದೆ.

ಐವತ್ತೈದು ವರ್ಷ ಅವರ ಪಕ್ಕದಲ್ಲಿ ಮಲಗಿದವಳು ನಾನು. ನನಗೆ ಗುರುತು ಸಿಕ್ಕಿರಲಿಲ್ಲ.